ಟ್ರಾವೆಲ್ ಟ್ರೇಲರ್‌ಗೆ ತುಕ್ಕು: ಲಕ್ಷಣ ನೋಡಿ ಮೂಲ ಹುಡುಕುವ ಕೈಪಿಡಿ

ಅಮೆರಿಕ, ಕೆನಡಾಗಳಲ್ಲಿ ಟ್ರಾವೆಲ್ ಟ್ರೇಲರ್, ಅಂದರೆ ಕಾರು ಅಥವಾ ಪಿಕಪ್ಪಿನ ಹಿಂದೆ ಕಟ್ಟಿ ಎಳೆಯುವ ಪ್ರವಾಸದ ಗಾಲಿಮನೆ, ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಬೇಸಿಗೆಯಲ್ಲಿ ನಾಲ್ಕಾರು ವಾರಾಂತ್ಯ ಓಡಾಡಿ, ಉಳಿದ ದಿನವೆಲ್ಲ ಮನೆಯ ಪಕ್ಕದಲ್ಲೋ ಬಾಡಿಗೆಯ ಯಾರ್ಡಿನಲ್ಲೋ ಬಿದ್ದಿರುತ್ತದೆ. ಕೆಡುವುದು ಆಗಲೇ. ಕೆಳಗೆ ತೆಳು ಬಣ್ಣ ಬಳಿದ ಉಕ್ಕಿನ ಚಾಸಿ, ಅದರ ಮೇಲೆ ಪ್ಲೈವುಡ್ಡೋ ಮರದ ಚೂರು ಅಂಟಿಸಿದ ಓಎಸ್‌ಬಿ ಹಲಗೆಯೋ ಹಾಸಿದ ನೆಲ, ಸುತ್ತ ಮರದ ಅಥವಾ ಅಲ್ಯೂಮಿನಿಯಂ ಚೌಕಟ್ಟು, ಹೊರಗೆ ಅಲ್ಯೂಮಿನಿಯಂ ಇಲ್ಲವೇ ಫೈಬರ್‌ಗ್ಲಾಸ್ ಹೊದಿಕೆ. ಇಷ್ಟೂ ಪದಾರ್ಥ ಒಂದಕ್ಕೊಂದು ತಾಗಿಕೊಂಡಿರುವಾಗ ನಡುವೆ ನೀರು ಸೇರಿದರೆ, ಜೊತೆಗೆ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪೂ ಇದ್ದರೆ, ಲೋಹ ತಿನ್ನಲು ಇನ್ನೇನೂ ಬೇಕಿಲ್ಲ.

ತುಕ್ಕು ಕಣ್ಣಿಗೆ ಬೀಳುವುದು ಕಟ್ಟಕಡೆಗೆ. ಅದಕ್ಕೂ ಮೊದಲು ತಿಂಗಳುಗಟ್ಟಲೆ ನೀರು ಎಲ್ಲೋ ನಿಂತಿರುತ್ತದೆ. ಹಾಗಾಗಿ ಕೆಳಗಿನ ಯಾವ ಲಕ್ಷಣ ಕಂಡರೂ ಮೊದಲ ಪ್ರಶ್ನೆ ಒಂದೇ: ನೀರು ಎಲ್ಲಿಂದ ಬಂತು, ಎಲ್ಲಿ ನಿಂತಿದೆ? ಅದಕ್ಕೆ ಉತ್ತರ ಸಿಗುವ ತನಕ ಬ್ರಷ್, ಬಣ್ಣದ ಡಬ್ಬಿ ಮುಟ್ಟಬೇಡಿ.

ಕೆಲಸಕ್ಕೆ ಇಳಿಯುವ ಮುನ್ನ

ಬೇಕಾಗುವ ಸಾಮಾನು ಹೆಚ್ಚೇನಿಲ್ಲ: ಟಾರ್ಚು, ಚೂಪು ದಬ್ಬಣ, ಸಣ್ಣ ಸುತ್ತಿಗೆ, ವೈರ್ ಬ್ರಷ್, ಮರದ ತೇವ ಅಳೆಯುವ ಎರಡು ಪಿನ್ನಿನ ಮಾಯಿಶ್ಚರ್ ಮೀಟರ್, ಮಲ್ಟಿಮೀಟರ್, ಮುಟ್ಟದೇ ವೋಲ್ಟೇಜ್ ತೋರಿಸುವ ಟೆಸ್ಟರ್ ಪೆನ್ನು.

ಅಡಿಗೆ ನುಸುಳುವ ಮೊದಲು ಚಕ್ರಗಳಿಗೆ ಎರಡೂ ಕಡೆ ಚಾಕ್ (ಉರುಳದಂತೆ ತಡೆಯುವ ಬೆಣೆ) ಕೊಡಿ. ಹೊರಗಿನಿಂದ ಕರೆಂಟು ತರುವ ಶೋರ್ ಪವರ್ ಪ್ಲಗ್ ಕಿತ್ತು, ಪ್ರೊಪೇನ್ ಸಿಲಿಂಡರಿನ ವಾಲ್ವ್ ಮುಚ್ಚಿ. ಎತ್ತಲೇಬೇಕಾದರೆ ಜ್ಯಾಕನ್ನು ಆಕ್ಸೆಲ್ ಕೊಳವೆಗೆ ಕೊಡಬಾರದು, ಅದು ಬಾಗುತ್ತದೆ. ಸ್ಪ್ರಿಂಗ್ ಹ್ಯಾಂಗರ್ (ಚಕ್ರದ ಸ್ಪ್ರಿಂಗನ್ನು ಚಾಸಿಗೆ ಹಿಡಿಯುವ ಬ್ರ್ಯಾಕೆಟ್) ಹತ್ತಿರ ಚಾಸಿಗೆ ಕೊಟ್ಟು, ಪಕ್ಕದಲ್ಲೇ ಜ್ಯಾಕ್ ಸ್ಟ್ಯಾಂಡ್ ನಿಲ್ಲಿಸಿ. ಮೂಲೆಗಳಲ್ಲಿರುವ ಸ್ಟೆಬಿಲೈಸರ್ ಜ್ಯಾಕುಗಳು ಅಲುಗಾಟ ತಡೆಯಲಿಕ್ಕೆ ಮಾತ್ರ, ಭಾರ ಹೊರಲಿಕ್ಕಲ್ಲ. ಜ್ಯಾಕ್ ಕೊಡುವ ಜಾಗದಲ್ಲೇ ಉಕ್ಕು ಪದರ ಪದರವಾಗಿ ಎದ್ದಿದ್ದರೆ ಎತ್ತುವ ಯೋಚನೆಯನ್ನೇ ಕೈಬಿಡಿ.

ಲಕ್ಷಣ: ಹೊರಗೋಡೆಯ ಮೂಲೆಯಿಂದ, ಸ್ಕ್ರೂ ಸಾಲಿನಿಂದ ಕಂದು ಗೆರೆ ಇಳಿದಿದೆ

ಮೂಲೆಪಟ್ಟಿಗಳ ನಡುವೆ ಸ್ಕ್ರೂ ಮುಚ್ಚಲು ಬಿಳಿ ವಿನೈಲ್ ಪಟ್ಟಿ ಇರುತ್ತದಲ್ಲ, ಬಿಸಿಲಿಗೆ ಅದು ಕುಗ್ಗಿ ಸೆಟೆಯುತ್ತದೆ. ಒಂದು ತುದಿ ಎಬ್ಬಿಸಿ ಒಂದಡಿ ಉದ್ದ ಎಳೆದು ನೋಡಿ. ಸ್ಕ್ರೂ ತಲೆಗಳಷ್ಟೇ ಕಂದಾಗಿದ್ದರೆ ನೀರು ಪಟ್ಟಿಯೊಳಗೆ ಮಾತ್ರ ಬಂದಿದೆ. ಒಂದು ಸ್ಕ್ರೂ ಬಿಚ್ಚಿ ಅದರ ಮೈ ನೋಡಿ. ಎಳೆಗಳು ಸವೆದು ಸ್ಕ್ರೂ ಸೂಜಿಯಂತಾಗಿದ್ದರೆ, ಅಥವಾ ತಿರುಗಿಸಿದರೂ ಬಿಗಿಯಾಗದೆ ಸುಮ್ಮನೆ ಸುತ್ತುತ್ತಿದ್ದರೆ, ಹಿಂದಿನ ಮರ ಕೊಳೆತಿದೆ. ಈ ಪರೀಕ್ಷೆಗೆ ಐದು ನಿಮಿಷ ಸಾಕು, ಖರ್ಚು ಸೊನ್ನೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮಾರುವವನ ಅನುಮತಿ ಕೇಳಿ ಇದನ್ನು ಮಾಡಲೇಬೇಕು. ಅವನು ಬೇಡವೆಂದರೆ ಅದೂ ಒಂದು ಉತ್ತರವೇ.

ಆಮೇಲೆ ಒಳಗೆ ಹೋಗಿ ಅದೇ ಮೂಲೆಯಲ್ಲಿ, ಕಪಾಟಿನೊಳಗೆ, ಹಾಸಿಗೆಯಡಿಯಲ್ಲಿ ಮೀಟರ್ ಚುಚ್ಚಿ. ಒಣ ಮರ 8ರಿಂದ 15 ಶೇಕಡಾ ತೋರಿಸುತ್ತದೆ. 20 ದಾಟಿದರೆ ನೀರು ಈಗಲೂ ಬರುತ್ತಿದೆ ಎಂದೇ ತಿಳಿಯಿರಿ. ಗೋಡೆಯ ಹಿಂದೆ ಲೋಹದ ಹಾಳೆ ಅಂಟಿಸಿದ ಇನ್ಸುಲೇಷನ್ ಇದ್ದರೆ ಮೀಟರ್ ಸುಳ್ಳು ಹೇಳುತ್ತದೆ, ಹಾಗಾಗಿ ಒಣಗಿದೆ ಎಂದು ಖಾತ್ರಿಯಿರುವ ಜಾಗದಲ್ಲಿ ಮೊದಲು ಚುಚ್ಚಿ ಹೋಲಿಸಿಕೊಳ್ಳಿ.

ಮೂಲ ಬಹುಪಾಲು ಚಾವಣಿಯಲ್ಲೇ ಸಿಗುತ್ತದೆ. ಹಲವು ತಯಾರಕರ ಕೈಪಿಡಿಗಳು 90 ದಿನಕ್ಕೊಮ್ಮೆ ಚಾವಣಿಯ ಸಂದಿ ಮುಚ್ಚುವ ಸೀಲಂಟ್ ಪರೀಕ್ಷಿಸಿ ಎನ್ನುತ್ತವೆ. ಮಾಡುವವರು ಅಪರೂಪ. ವೆಂಟ್, ಆಂಟೆನಾ, ಏಣಿಯ ಕಾಲು, ಮುಂದಿನ ಮತ್ತು ಹಿಂದಿನ ಅಂಚು, ಈ ನಾಲ್ಕು ಕಡೆ ಸೀಲಂಟ್ ಬಿರುಕು ಬಿಟ್ಟಿದೆಯೇ, ಅಂಚು ಎದ್ದಿದೆಯೇ ನೋಡಿ. ಹಳೇ ಸೀಲಂಟ್ ಗಟ್ಟಿಯಾಗಿ ಕೂತಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ ಅದರ ಮೇಲೆಯೇ ಹೊಸದು ಹಾಕಬಹುದು. ಎದ್ದಿದ್ದರೆ ಪ್ಲಾಸ್ಟಿಕ್ ಸ್ಕ್ರೇಪರಿನಿಂದ ಕೆರೆದು ತೆಗೆಯಿರಿ. ಮಲಗಿದ ಮೇಲ್ಮೈಗೆ ತಾನೇ ಹರಡಿಕೊಳ್ಳುವ ಲ್ಯಾಪ್ ಸೀಲಂಟ್, ನಿಂತ ಮೇಲ್ಮೈಗೆ ಜಾರದ ಬಗೆಯದು. ಮೂಲೆಪಟ್ಟಿ ಬಿಚ್ಚಿದರೆ ಅಡಿಯಲ್ಲಿ ನೀರು ತಡೆಯುವ ಬ್ಯುಟೈಲ್ ಅಂಟುಟೇಪ್ ಪೂರ್ತಿ ಬದಲಿಸಬೇಕು.

ಅಂಗಡಿಯ ಸಾಮಾನ್ಯ ಸಿಲಿಕೋನ್ ಮಾತ್ರ ಬೇಡ. ಅದು ಒಮ್ಮೆ ಕೂತ ಜಾಗಕ್ಕೆ ಮುಂದೆ ಯಾವ ಸೀಲಂಟೂ ಅಂಟದು, ಮುಂದಿನ ರಿಪೇರಿ ಮಾಡುವವನು ಬೈದುಕೊಂಡು ಕೆರೆಯಬೇಕಾಗುತ್ತದೆ. ಇಪಿಡಿಎಂ ರಬ್ಬರ್ ಚಾವಣಿಗೆ ಪೆಟ್ರೋಲಿಯಂ ಮೂಲದ ಕ್ಲೀನರ್ ತಾಗಿದರೆ ರಬ್ಬರ್ ಉಬ್ಬುತ್ತದೆ.

ಗೋಡೆ ಒತ್ತಿದರೆ ಒಳಗೆ ಹೋಗುತ್ತಿದೆ, ಅಥವಾ ಫೈಬರ್‌ಗ್ಲಾಸ್ ಹೊದಿಕೆ ಗುಳ್ಳೆಯಂತೆ ಉಬ್ಬಿದೆ ಎಂದಾದರೆ ಸೀಲಂಟಿನ ಹಂತ ದಾಟಿದೆ. ಗೋಡೆ ಬಿಚ್ಚುವ ಕೆಲಸಕ್ಕೆ ಅಂದಾಜು ಪಟ್ಟಿ ತರಿಸಿ, ಟ್ರೇಲರಿನ ಬೆಲೆಯ ಜೊತೆ ಹೋಲಿಸಿ, ಆಮೇಲೆ ನಿರ್ಧರಿಸಿ.

ಲಕ್ಷಣ: ಅಲ್ಯೂಮಿನಿಯಂ ಮೈಮೇಲೆ ಹುಳು ಹರಿದಂಥ ಗೆರೆ, ಬಿಳಿ ಪುಡಿ, ಸೂಜಿತೂತು

ಮೂರೂ ಬೇರೆ ಬೇರೆ ಕಾಯಿಲೆ.

ರಿವೆಟ್, ದೀಪದ ಚೌಕಟ್ಟು, ಹಾಳೆ ಕತ್ತರಿಸಿದ ಅಂಚು ಇಲ್ಲೆಲ್ಲ ಪಾರದರ್ಶಕ ಲೇಪದ ಅಡಿಯಲ್ಲಿ ಸಣ್ಣ ಎಳೆಗಳು ಅಂಕುಡೊಂಕಾಗಿ ಹಬ್ಬಿದ್ದರೆ ಅದು ಫಿಲಿಫಾರ್ಮ್ ಸವಕಳಿ. ಏರ್‌ಸ್ಟ್ರೀಮ್‌ನಂಥ ಹೊಳೆಯುವ ಟ್ರೇಲರುಗಳ ಒಡೆಯರಿಗೆ ಇದರ ಪರಿಚಯ ಚೆನ್ನಾಗಿಯೇ ಇರುತ್ತದೆ. ಕತ್ತರಿಸಿದ ಅಂಚಿಗೆ ಲೇಪ ಇರದ ಕಾರಣ ಉಪ್ಪು, ತೇವ ಅಲ್ಲಿಂದ ಒಳನುಗ್ಗುತ್ತವೆ. ಆಳಕ್ಕೆ ಇಳಿಯುವುದಿಲ್ಲ, ಅಂದಗೆಡಿಸುತ್ತದೆ ಅಷ್ಟೆ. ಒಮ್ಮೆ ಹಬ್ಬಿದ ಎಳೆಯನ್ನು ಅಳಿಸಬೇಕೆಂದರೆ ಲೇಪ ತೆಗೆದು, ಪಾಲಿಷ್ ಮಾಡಿ, ಮತ್ತೆ ಲೇಪಿಸಬೇಕು, ದುಬಾರಿ ಬಾಬತ್ತು. ಹಬ್ಬದಂತೆ ತಡೆಯುವುದು ಅಗ್ಗ: ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಅಂಚುಗಳಿಗೂ ರಿವೆಟ್ ಸುತ್ತಕ್ಕೂ ಬೋಶೀಲ್ಡ್ ಟಿ-9 ಅಥವಾ ಕೊರೋಷನ್‌ಎಕ್ಸ್‌ನಂಥ ದ್ರವವನ್ನು ಹತ್ತಿಬತ್ತಿಯಲ್ಲಿ ಸವರಿ.

ಬಿಳಿ ಪುಡಿ ಸ್ಕ್ರೂ ಅಥವಾ ಬ್ರ್ಯಾಕೆಟ್ ಸುತ್ತ ಮಾತ್ರ ಇದ್ದರೆ ಎರಡು ಲೋಹ ತಾಗಿದ ಫಲ. ಉಕ್ಕು, ಅಲ್ಯೂಮಿನಿಯಂ ತೇವದಲ್ಲಿ ಜೊತೆಯಾದಾಗ ಕರಗುವುದು ಅಲ್ಯೂಮಿನಿಯಂ. ಹಿಂದಿನ ಒಡೆಯ ಸವೆದ ರಿವೆಟ್ ಜಾಗಕ್ಕೆ ಹಾರ್ಡ್‌ವೇರ್ ಅಂಗಡಿಯ ಸಾದಾ ಉಕ್ಕಿನ ಸ್ಕ್ರೂ ಹೊಡೆದಿದ್ದರೆ ಹೀಗಾಗುತ್ತದೆ. ಅದನ್ನು ತೆಗೆದು, ಮುಚ್ಚಿದ ತುದಿಯ ಅಲ್ಯೂಮಿನಿಯಂ ರಿವೆಟ್ ಹಾಕಿ. ಸ್ಟೇನ್‌ಲೆಸ್ ಸ್ಕ್ರೂ ಅನಿವಾರ್ಯವಾದರೆ ಎಳೆಗಳಿಗೆ ಎರಡು ಲೋಹ ನೇರ ತಾಗದಂತೆ ತಡೆಯುವ ಟೆಫ್-ಜೆಲ್ ಬಗೆಯ ಲೇಪ ಹಚ್ಚಿ. ಉಜ್ಜಲು ಉಕ್ಕಿನ ನಾರು ಬಳಸಬೇಡಿ. ಅದರ ಚೂರುಗಳು ಅಲ್ಯೂಮಿನಿಯಂನಲ್ಲೇ ಹುದುಗಿ ತುಕ್ಕಿನ ಚುಕ್ಕೆಗಳಾಗಿ ಏಳುತ್ತವೆ.

ಸೂಜಿತೂತು ಹೆಚ್ಚು ಅಪಾಯದ್ದು. ಮರದ ಚೌಕಟ್ಟಿನ ಮೇಲೆ ಸುಕ್ಕುಸುಕ್ಕಾದ ಅಲ್ಯೂಮಿನಿಯಂ ಹೊದಿಸಿದ ಟ್ರೇಲರಿನಲ್ಲಿ, ಒದ್ದೆ ಮರಕ್ಕೆ ಒತ್ತಿಕೊಂಡ ಹಾಳೆ ಹಿಂದಿನಿಂದ ತಿನ್ನಿಸಿಕೊಳ್ಳುತ್ತದೆ. ರಾತ್ರಿ ಒಳಗಿನಿಂದ ಟಾರ್ಚ್ ಹಿಡಿದು ತೂತಿನಿಂದ ಬೆಳಕು ಬರುತ್ತಿದೆಯೇ ಎಂದು ಹೊರಗಿನಿಂದ ನೋಡುವ ಉಪಾಯ ಇನ್ಸುಲೇಷನ್ ಇರುವ ಕಡೆ ನಡೆಯದು. ಬೆರಳಲ್ಲಿ ಒತ್ತಿದಾಗ ಚರಚರ ಎಂದರೆ ಹಾಳೆಯ ಹಿಂದೆ ಪುಡಿ ಸೇರಿದೆ. ಕೊಳೆತ ಮರ ಬದಲಿಸುವಾಗ ತಾಮ್ರದ ಲವಣ ತುಂಬಿದ ಪ್ರೆಷರ್ ಟ್ರೀಟೆಡ್ ಮರ ಹಾಕಬೇಡಿ. ಮರ ಉಳಿಯುತ್ತದೆ, ಅದಕ್ಕೆ ತಾಗಿದ ಅಲ್ಯೂಮಿನಿಯಂ ಹೋಗುತ್ತದೆ.

ಲಕ್ಷಣ: ಹಿಂಭಾಗದ ನೆಲ ಮೆತ್ತಗಾಗಿದೆ, ಓಡುವಾಗ ಹಿಂಬದಿ ಕುಣಿಯುತ್ತದೆ

ದಬ್ಬಣದಿಂದ ಬಾಗಿಲ ಬಳಿ, ಕಿಟಕಿಯಡಿ, ಹಿಂದಿನ ಎರಡು ಮೂಲೆಗಳಲ್ಲಿ ನೆಲ ಚುಚ್ಚಿ ನೋಡಿ. ಕಾಲು ಅಂಗುಲ ಸಲೀಸಾಗಿ ಇಳಿದರೆ ಪ್ಲೈವುಡ್ ಹೋಗಿದೆ.

ಹಳೆಯ ಏರ್‌ಸ್ಟ್ರೀಮ್‌ಗಳಲ್ಲಿ, ಮುಖ್ಯವಾಗಿ 1970ರ ದಶಕದ ಉದ್ದನೆಯ ಮಾದರಿಗಳಲ್ಲಿ, ಇದಕ್ಕೊಂದು ಗಂಭೀರ ಮುಂದುವರಿಕೆ ಇದೆ. ಅಲ್ಲಿ ಅಲ್ಯೂಮಿನಿಯಂ ಗೂಡು, ಪ್ಲೈವುಡ್, ಉಕ್ಕಿನ ಚಾಸಿ ಮೂರನ್ನೂ ಬೋಲ್ಟುಗಳು ಒಟ್ಟಿಗೆ ಹಿಡಿದಿರುತ್ತವೆ. ಹಿಂದಿನ ಬಂಪರ್ ಸಂದಿಯಿಂದ ನೀರಿಳಿದು ಪ್ಲೈವುಡ್ ಕೊಳೆತರೆ ಬೋಲ್ಟಿಗೆ ಹಿಡಿಯಲು ಏನೂ ಉಳಿಯುವುದಿಲ್ಲ, ಗೂಡು ಚಾಸಿಯಿಂದ ಕಳಚಿಕೊಳ್ಳುತ್ತದೆ. ಪರೀಕ್ಷೆ ಸರಳ: ಒಬ್ಬರು ಹಿಂದಿನ ಬಂಪರ್ ಮೇಲೆ ನಿಂತು ಮೆಲ್ಲಗೆ ಮೈಭಾರ ಹಾಕಲಿ, ಇನ್ನೊಬ್ಬರು ಗೂಡಿನ ಕೆಳ ಅಂಚು ಮತ್ತು ಬಂಪರ್ ನಡುವಿನ ಸಂದಿ ನೋಡಲಿ. ಬಂಪರ್ ಕೆಳಗಿಳಿದು ಗೂಡು ಇದ್ದಲ್ಲೇ ಇದ್ದರೆ ಬೇರ್ಪಟ್ಟಿದೆ ಎಂದರ್ಥ. ಆ ಸ್ಥಿತಿಯಲ್ಲಿ ಹೆದ್ದಾರಿಗೆ ತರಬೇಡಿ. ಇದು ಒಳಗೋಡೆ ಬಿಚ್ಚಿ, ನೆಲ ಕತ್ತರಿಸಿ ಹೊಸದು ಕೂರಿಸುವ ಕೆಲಸ. ಹಳೇ ಟ್ರೇಲರ್ ಕಟ್ಟುವುದರಲ್ಲಿ ಪಳಗಿದವರಿಗೇ ಬಿಡಿ.

ಲಕ್ಷಣ: ಚಾಸಿ ಕೆಂಪಾಗಿದೆ, ಕೆಳಗೆ ತುಕ್ಕಿನ ಚಕ್ಕೆ ಉದುರುತ್ತಿವೆ

ಕೆಂಪು ಕಂಡೊಡನೆ ಗಾಬರಿ ಬೇಡ. ಡೆಟ್ರಾಯಿಟ್, ಷಿಕಾಗೊ, ಟೊರಾಂಟೊ ಸುತ್ತ ಒಂದು ಚಳಿಗಾಲ ಕಂಡ ಯಾವ ಚಾಸಿಯೂ ಕಪ್ಪಾಗೇ ಉಳಿಯುವುದಿಲ್ಲ. ಅಲ್ಲಿನ ರಸ್ತೆಗೆ ಸುರಿಯುವುದು ಬರೀ ಅಡುಗೆ ಉಪ್ಪಿನ ಜಾತಿಯದ್ದಲ್ಲ, ಎಷ್ಟೋ ಕಡೆ ಮೆಗ್ನೀಸಿಯಂ ಕ್ಲೋರೈಡ್, ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣವೂ ಸೇರುತ್ತದೆ. ಸೋಡಿಯಂ ಕ್ಲೋರೈಡ್ ಗಾಳಿಯ ತೇವಾಂಶ ಸುಮಾರು 75 ಶೇಕಡಾ ಮುಟ್ಟಿದಾಗ ತೇವ ಹೀರಿ ನೀರಾಗುತ್ತದೆ. ಮೆಗ್ನೀಸಿಯಂ ಕ್ಲೋರೈಡಿಗೆ 33 ಶೇಕಡಾ ಸಾಕು. ಅಂದರೆ ಕೊಲರಾಡೋದಂಥ ಒಣಹವೆಯಲ್ಲೂ ಚಾಸಿಗೆ ಅಂಟಿದ ಪದರ ವಾರಗಟ್ಟಲೆ ಒದ್ದೆಯಾಗೇ ಇರುತ್ತದೆ. ಪ್ರವಾಸ ಮುಗಿಸಿ ತೊಳೆಯದೆ ನಿಲ್ಲಿಸಿದ ಟ್ರೇಲರ್ ನಿಂತಲ್ಲೇ ತುಕ್ಕು ಹಿಡಿಯುವುದು ಇದರಿಂದ.

ಮೊದಲು ನೋಡಬೇಕಾದ ಜಾಗಗಳು: ಪ್ರೊಪೇನ್ ತಟ್ಟೆ ಮತ್ತು ಬ್ಯಾಟರಿ ಪೆಟ್ಟಿಗೆಯಡಿಯ ಎ-ಫ್ರೇಮ್ (ಎಳೆಯುವ ವಾಹನಕ್ಕೆ ಕೊಂಡಿಯಾಗುವ ಮುಂದಿನ ತ್ರಿಕೋನ ಚೌಕಟ್ಟು), ಎ-ಫ್ರೇಮ್ ಮುಖ್ಯ ತೊಲೆಗೆ ಸೇರುವ ವೆಲ್ಡ್, ಸ್ಪ್ರಿಂಗ್ ಹ್ಯಾಂಗರುಗಳು, ಚಕ್ರದ ಹಿಂದಿನ ಎರಡಡಿ, ಮೆಟ್ಟಿಲು ಕೂರಿಸಿದ ಜಾಗ, ನೀರಿನ ಟ್ಯಾಂಕ್ ಹೊರುವ ಪಟ್ಟಿಗಳು. ಟ್ಯಾಂಕ್ ಪಟ್ಟಿಯನ್ನು ಯಾರೂ ನೋಡುವುದಿಲ್ಲ. 40 ಗ್ಯಾಲನ್ ತುಂಬಿದ ಟ್ಯಾಂಕಿನಲ್ಲಿ ನೀರಿನ ತೂಕವೇ 330 ಪೌಂಡ್ ದಾಟುತ್ತದೆ, ಅದು ಜೋತಿರುವುದು ತೆಳ್ಳನೆಯ ಪಟ್ಟಿಗಳ ಮೇಲೆ.

ಹೊಟ್ಟೆಯಡಿ ಕಪ್ಪು ಪ್ಲಾಸ್ಟಿಕ್ ಹಾಳೆ ಮುಚ್ಚಿದ್ದು ಎಲ್ಲಾದರೂ ಜೋತುಬಿದ್ದಿದ್ದರೆ ಒಳಗೆ ನೀರಿದೆ. ಅತಿ ತಗ್ಗಿನ ಜಾಗದಲ್ಲಿ ಪೆನ್ಸಿಲ್ ಗಾತ್ರದ ತೂತು ಮಾಡಿ, ಮುಖ ಪಕ್ಕಕ್ಕಿಟ್ಟುಕೊಂಡು ಬಸಿಯಿರಿ. ವಾಸನೆ ಬಂದರೆ ಕೊಳಕುನೀರಿನ ಟ್ಯಾಂಕ್ ಸೋರುತ್ತಿದೆ, ಶುದ್ಧ ನೀರಾದರೆ ಕೊಳಾಯಿ ಅಥವಾ ಚಾವಣಿ. ಒಳಗಿನ ಒದ್ದೆ ಗ್ಲಾಸ್‌ವುಲ್ ಉಕ್ಕಿಗೆ ಒತ್ತಿಕೊಂಡೇ ಇರುತ್ತದೆ, ಹಾಗಾಗಿ ಹಾಳೆ ಬಿಚ್ಚಿ ಅದನ್ನು ತೆಗೆದು ಒಣಗಿಸದೆ ಮುಂದಿನ ಕೆಲಸ ವ್ಯರ್ಥ.

ಈಗ ತುಕ್ಕಿನ ದರ್ಜೆ ನೋಡಿ. ಬ್ರಷ್ ಉಜ್ಜಿದೊಡನೆ ಕೆಂಪುಪುಡಿ ಹೋಗಿ ನುಣುಪು ಉಕ್ಕು ಕಂಡರೆ ಮೇಲ್ತುಕ್ಕು, ನಿಮ್ಮ ಕೈಯಲ್ಲೇ ಆಗುವ ಕೆಲಸ. ಚಕ್ಕೆಗಳಾಗಿ ಎದ್ದರೆ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ಉಕ್ಕು ಠಣ್ ಎನ್ನುತ್ತದೆ, ಸವೆದದ್ದು ಡಬ್ ಎಂದು ಮಂಕಾಗಿ ಕೇಳುತ್ತದೆ. ಚಕ್ಕೆಯ ದಪ್ಪ ನೋಡಿ ಹೆದರಬೇಡಿ, ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಹಿಡಿಯುತ್ತದೆ. ಚಕ್ಕೆಯೆಲ್ಲ ಕೆರೆದ ಮೇಲೆ ಕ್ಯಾಲಿಪರಿನಿಂದ ಉಳಿದ ದಪ್ಪ ಅಳೆದು, ಅದೇ ತೊಲೆಯ ಒಳ್ಳೆಯ ಭಾಗದ ಜೊತೆ ಹೋಲಿಸಿ. ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಸವೆದಿದ್ದರೆ, ಸ್ಕ್ರೂಡ್ರೈವರ್ ತೂರಿದರೆ, ಅಥವಾ ಸವಕಳಿ ಸ್ಪ್ರಿಂಗ್ ಹ್ಯಾಂಗರ್ ಬಳಿ ಇದ್ದರೆ ನಿಮ್ಮ ಕೆಲಸ ಅಲ್ಲಿಗೆ ಮುಗಿಯಿತು. ಚಾಸಿ ಕೆಲಸ ಬಲ್ಲ ಪ್ರಮಾಣಿತ ವೆಲ್ಡರ್ ನೋಡಬೇಕು.

ವೆಲ್ಡಿನ ಪಕ್ಕ ನೇರ ಗೆರೆಯಾಗಿ ತುಕ್ಕು ಒಸರುತ್ತಿದ್ದರೆ ಬಿರುಕೆಂದು ಅನುಮಾನಿಸಿ. ಡೈ ಪೆನಿಟ್ರಂಟ್ ಕಿಟ್ಟಿನಲ್ಲಿ ಮೂರು ಸ್ಪ್ರೇ ಡಬ್ಬಿ ಇರುತ್ತವೆ. ಬಣ್ಣ ಪೂರ್ತಿ ತೆಗೆದು, ಕ್ಲೀನರಿನಿಂದ ಜಿಡ್ಡು ಒರೆಸಿ ಕೆಂಪು ಡೈ ಹೊಡೆಯಿರಿ. ಹತ್ತು ನಿಮಿಷ ಬಿಟ್ಟು ಬಟ್ಟೆಗೆ ಕ್ಲೀನರ್ ಹಾಕಿಕೊಂಡು ಒರೆಸಿ, ನೇರವಾಗಿ ಉಕ್ಕಿನ ಮೇಲೆ ಚಿಮುಕಿಸಿದರೆ ಬಿರುಕಿನೊಳಗಿನ ಡೈಯೂ ತೊಳೆದುಹೋಗುತ್ತದೆ. ಕೊನೆಗೆ ಬಿಳಿ ಡೆವಲಪರ್ ತೆಳುವಾಗಿ ಹೊಡೆದು ಕಾಯಿರಿ. ಬಿರುಕಿದ್ದರೆ ಬಿಳಿಯ ಮೇಲೆ ಕೂದಲೆಳೆಯಷ್ಟು ಕೆಂಪು ಗೆರೆ ಮೂಡುತ್ತದೆ. ಮೂಡಿತೋ, ಟ್ರೇಲರ್ ಅಲ್ಲಿಂದ ಕದಲಬಾರದು.

ಮೇಲ್ತುಕ್ಕಿನ ಚಿಕಿತ್ಸೆ ಹೀಗೆ. ಸಾಬೂನುನೀರಿನಲ್ಲಿ ತೊಳೆದು ಎರಡು ದಿನ ಒಣಗಿಸಿ. ವೈರ್ ವ್ಹೀಲ್, ಆಮೇಲೆ 80 ನಂಬರಿನ ಉಪ್ಪುಕಾಗದ (ಸ್ಯಾಂಡ್‌ಪೇಪರ್). ಕನ್ನಡಕ, ಧೂಳು ಮಾಸ್ಕ್ ಇಲ್ಲದೆ ಬೇಡ. ಗುಣಿಗಳಲ್ಲಿ ಬಿಗಿಯಾಗಿ ಕೂತ ತೆಳು ತುಕ್ಕಿಗೆ ಮಾತ್ರ ಫಾಸ್ಫರಿಕ್ ಆಮ್ಲದ ರಸ್ಟ್ ಕನ್ವರ್ಟರ್ ಹಚ್ಚಿ, ಡಬ್ಬಿ ಹೇಳಿದಷ್ಟು ಹೊತ್ತು ಬಿಡಿ. ಅದರ ಮೇಲೆ ಎಪಾಕ್ಸಿ ಪ್ರೈಮರ್, ನಂತರ ಎರಡು ಕೈ ಚಾಸಿ ಬಣ್ಣ. ಸತುವಿನ ಪ್ರೈಮರ್ ಬಳಸುವ ಮನಸ್ಸಿದ್ದರೆ ಅದು ಬರಿ ಉಕ್ಕಿಗೇ ತಾಗಬೇಕು, ಕನ್ವರ್ಟರ್ ಮೇಲೆ ಬಳಿದರೆ ಸತು ಕೆಲಸ ಮಾಡದು. ಹವೆ 50 ಡಿಗ್ರಿ ಫ್ಯಾರನ್‌ಹೀಟಿಗಿಂತ ತಣ್ಣಗಿದ್ದರೆ ಬಣ್ಣ ಕೂರದು. ಬಣ್ಣ ಮುಟ್ಟದ ಸಂದಿಗಳಿಗೆ ಲ್ಯಾನೊಲಿನ್ ಮೂಲದ ಫ್ಲೂಯಿಡ್ ಫಿಲ್ಮ್‌ನಂಥದ್ದನ್ನು ವರ್ಷಕ್ಕೊಮ್ಮೆ, ಚಳಿಗಾಲಕ್ಕೆ ಮುಂಚೆ ಸಿಂಪಡಿಸಿ, ಆದರೆ ಬ್ರೇಕ್ ಡ್ರಮ್ಮಿಗೂ ರಬ್ಬರ್ ಬುಷ್‌ಗೂ ತಾಗಿಸಬೇಡಿ.

ತುಕ್ಕಿನ ಮೇಲೇ ದಪ್ಪ ರಬ್ಬರ್ ಅಂಡರ್‌ಕೋಟಿಂಗ್ ಬಳಿಯುವುದು ಎಲ್ಲಕ್ಕಿಂತ ಕೆಟ್ಟ ಕೆಲಸ. ಅಂಚು ಎದ್ದ ಕಡೆ ನೀರು ಒಳಸೇರಿ ಹೊರಬರಲಾಗದೆ ಕೂರುತ್ತದೆ. ಮಾರಾಟಕ್ಕಿಟ್ಟ ಹಳೇ ಟ್ರೇಲರಿನ ಅಡಿ ಹೊಸ ಕಪ್ಪು ಬಣ್ಣದಿಂದ ಮಿರಿಮಿರಿ ಎನ್ನುತ್ತಿದ್ದರೆ ಮೇಲೆ ಥಳಕು ಒಳಗೆ ಹುಳುಕು ಎಂಬ ಅನುಮಾನವಿಟ್ಟುಕೊಂಡೇ ಸುತ್ತಿಗೆ ತಟ್ಟಿ.

ವೆಲ್ಡಿಂಗ್ ಮಾಡಿಸುವಾಗ ಸಿಲಿಂಡರ್ ಇಳಿಸಿ, ಬ್ಯಾಟರಿಯ ಎರಡೂ ತಂತಿ ಕಳಚಿ, ಮೇಲಿನ ನೆಲ, ಹೊಟ್ಟೆಯ ಪ್ಲಾಸ್ಟಿಕ್, ಫೋಮ್ ಹತ್ತಿಕೊಳ್ಳದಂತೆ ನೋಡಿಕೊಳ್ಳಿ. ಅರ್ಥ್ ಕ್ಲ್ಯಾಂಪ್ ವೆಲ್ಡಿನ ಪಕ್ಕದಲ್ಲೇ ಇರಲಿ, ದೂರವಿದ್ದರೆ ಕರೆಂಟು ಚಕ್ರದ ಬೇರಿಂಗ್ ಮೂಲಕ ಹಾದು ಅವನ್ನು ಸುಡಬಹುದು.

ಲಕ್ಷಣ: ಹಿಂದಿನ ಬಂಪರ್ ಅಲುಗುತ್ತದೆ

ನಾಲ್ಕಂಗುಲದ ಚೌಕ ಕೊಳವೆಯ ಬಂಪರಿನೊಳಗೆ ಒಳಚರಂಡಿ ಹೋಸ್ ತುರುಕಿಡುವುದು ರೂಢಿ. ಒದ್ದೆ ಹೋಸ್, ಎರಡು ಕಡೆ ಮುಚ್ಚಳ, ಒಳಗೆ ಬಣ್ಣವೇ ಇಲ್ಲದ ತೆಳು ಉಕ್ಕು. ಇದು ಒಳಗಿನಿಂದಲೇ ಹೋಗುತ್ತದೆ, ಹೊರಗೆ ಕಾಣುವ ಹೊತ್ತಿಗೆ ಕೆಳಗೋಡೆ ಕಾಗದವಾಗಿರುತ್ತದೆ. ಮುಚ್ಚಳ ತೆಗೆದು ಟಾರ್ಚ್ ಬಿಡಿ, ಕೆಳಗಿನಿಂದ ದಬ್ಬಣ ಒತ್ತಿ. ಇನ್ನೂ ಗಟ್ಟಿಯಿದ್ದರೆ ಹೋಸ್ ಬೇರೆ ಪೆಟ್ಟಿಗೆಗೆ ಹಾಕಿ, ಕೆಳಮೂಲೆಗಳಲ್ಲಿ ಬಸಿತೂತು ಇದೆಯೇ ನೋಡಿ. ಈ ಬಂಪರಿಗೆ ಸೈಕಲ್ ರ್‍ಯಾಕ್ ಕಟ್ಟುವ ಮುನ್ನ ತಯಾರಕರು ಎಷ್ಟು ತೂಕ ಒಪ್ಪುತ್ತಾರೆಂದು ಓದಿ, ಎಷ್ಟೋ ಮಾದರಿಗಳಲ್ಲಿ ಕಟ್ಟಲೇಬಾರದು ಎಂದಿರುತ್ತದೆ. ಹೆದ್ದಾರಿಯಲ್ಲಿ ಕಳಚಿದರೆ ಹಿಂದೆ ಬರುವವರ ಜೀವಕ್ಕೆ ಕುತ್ತು.

ಲಕ್ಷಣ: ದೀಪ ಮಿಣುಕುತ್ತವೆ, ಟ್ರೇಲರ್ ಬ್ರೇಕ್ ಮಂದವಾಗಿದೆ

ಮೊದಲು ಎಳೆಯುವ ವಾಹನದಿಂದ ಕರೆಂಟು ತರುವ ಏಳು ಪಿನ್ನಿನ ಕನೆಕ್ಟರ್. ನೆಲದ ಮೇಲೆ ಬಿದ್ದುಕೊಂಡಿದ್ದರೆ ಒಳಗೆ ಹಸಿರು, ಬಿಳಿ ಕಿಲುಬು ಖಂಡಿತ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಸಣ್ಣ ಹಿತ್ತಾಳೆ ಬ್ರಷ್‌ನಿಂದ ಉಜ್ಜಿ, ಡೈಎಲೆಕ್ಟ್ರಿಕ್ ಗ್ರೀಸ್ ತೆಳುವಾಗಿ ಹಚ್ಚಿ. ಮುಂದೆ ಬಾಯಿ ಕೆಳಗಾಗುವಂತೆ ತೂಗುಹಾಕಿ.

ಸರಿಹೋಗದಿದ್ದರೆ ಗ್ರೌಂಡ್, ಅಂದರೆ ಕರೆಂಟು ಚಾಸಿಯ ಮೂಲಕ ಮರಳುವ ಜೋಡಣೆ. ಬಿಳಿ ತಂತಿ ಎ-ಫ್ರೇಮಿಗೆ ಒಂದು ಸ್ಕ್ರೂನಿಂದ ಕೂತಿರುತ್ತದೆ, ಬ್ಯಾಟರಿಯ ಆಮ್ಲಹಬೆ ಅಲ್ಲೇ ಬೀಳುತ್ತದೆ. ಬಿಚ್ಚಿ, ಉಕ್ಕು ಹೊಳೆಯುವ ತನಕ ಉಜ್ಜಿ, ಹೊಸ ರಿಂಗ್ ಟರ್ಮಿನಲ್ ಮತ್ತು ಹಲ್ಲಿನ ವಾಷರ್ ಹಾಕಿ ಬಿಗಿದು, ಕೊನೆಗೆ ಮೇಲೆ ಗ್ರೀಸ್. ಬ್ಯಾಟರಿ ತಟ್ಟೆಯ ಬಿಳಿ ಪುಡಿಯನ್ನು ಒಂದು ಕಪ್ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಬೆರೆಸಿ ತೊಳೆಯಿರಿ. ಕೈಗವಸು, ಕನ್ನಡಕ ಇರಲಿ, ಮಿಶ್ರಣ ಬ್ಯಾಟರಿಯೊಳಗೆ ಹೋಗಬಾರದು.

ಬ್ರೇಕಿಗೆ ಆಮ್ಮೀಟರ್ ಪರೀಕ್ಷೆ: ನೀಲಿ ತಂತಿಯ ಸರಣಿಯಲ್ಲಿ ಮೀಟರ್ ಇಟ್ಟು ಎಳೆಯುವ ವಾಹನದಲ್ಲಿರುವ ಬ್ರೇಕ್ ಕಂಟ್ರೋಲರ್ ಪೂರ್ತಿ ಒತ್ತಿ. 10 ಅಥವಾ 12 ಇಂಚಿನ ಡ್ರಮ್ಮಿನೊಳಗೆ ಬ್ರೇಕ್ ಹಿಡಿಸುವ ಪ್ರತಿ ಮ್ಯಾಗ್ನೆಟ್ ಸುಮಾರು 3 ಆಂಪ್ ಎಳೆಯುತ್ತದೆ, ಹಾಗಾಗಿ ನಾಲ್ಕು ಬ್ರೇಕಿಗೆ 12ರ ಆಸುಪಾಸು. 9 ಬಂದರೆ ಒಂದು ಚಕ್ರದ ತಂತಿ ಕಿಲುಬಿ ಕಡಿದಿದೆ. ನಾಲ್ಕೂ ಸೇರಿ 7, 8ಕ್ಕೆ ಇಳಿದು ಬಿಸಿಯಾದಾಗ ಇನ್ನೂ ಬೀಳುತ್ತಿದ್ದರೆ ಗ್ರೌಂಡ್ ಅಥವಾ ಮುಖ್ಯ ಜೋಡಣೆ. ಆಕ್ಸೆಲ್ ಬಳಿಯ ಜೋಡಣೆಗಳನ್ನು ಅಂಟು ತುಂಬಿದ ಹೀಟ್ ಶ್ರಿಂಕ್ ಕನೆಕ್ಟರಿಗೆ ಬದಲಿಸಿ, ಇನ್ಸುಲೇಷನ್ ಟೇಪ್ ಸುತ್ತಿದ್ದು ಒಂದು ಮಳೆಗಾಲಕ್ಕೂ ಬಾರದು. ಬ್ರೇಕ್ ಪೂರ್ತಿ ಹಿಡಿಯದಿದ್ದರೆ ಅಥವಾ ಟ್ರೇಲರ್ ಕಳಚಿಕೊಂಡರೆ ತಾನೇ ಬ್ರೇಕ್ ಹಾಕಿಸುವ ಬ್ರೇಕ್‌ಅವೇ ಪಿನ್ ಎಳೆದಾಗ ಚಕ್ರ ನಿಲ್ಲದಿದ್ದರೆ ಎಳೆದುಕೊಂಡು ಹೊರಡಬೇಡಿ.

ಲಕ್ಷಣ: ಟ್ರೇಲರಿನ ಮೈ ಮುಟ್ಟಿದರೆ ಜುಮ್ ಎನ್ನುತ್ತದೆ

ಇಲ್ಲಿ ಅಗ್ಗದ ಪರೀಕ್ಷೆ, ದುಬಾರಿ ಪರೀಕ್ಷೆ ಎಂಬುದಿಲ್ಲ. ಯಾರೂ ಮುಟ್ಟದಂತೆ ದೂರ ಸರಿಸಿ, ಮಕ್ಕಳನ್ನು ಮೊದಲು. ಒಳಗಿರುವವರು ಒಂದು ಕಾಲು ಮೆಟ್ಟಿಲಲ್ಲಿ ಒಂದು ಕಾಲು ನೆಲದಲ್ಲಿ ಇಟ್ಟು ಇಳಿಯಬಾರದು. ಒಣ ಕೈ, ಒಣ ಚಪ್ಪಲಿಯಲ್ಲಿ ಹೋಗಿ ಕ್ಯಾಂಪಿನ ಪೆಡಸ್ಟಲ್ (ಕರೆಂಟು ಕೊಡುವ ಕಂಬ) ಬ್ರೇಕರ್ ಆರಿಸಿ, ಆಮೇಲೆ ಪ್ಲಗ್ ಕೀಳಿ.

ಕಾರಣ ಬಹುಪಾಲು ಕಿಲುಬಿದ ಗ್ರೌಂಡ್ (ಅರ್ಥ್) ಪಿನ್ನು, ಹಳೇ ಅಡಾಪ್ಟರ್, ತೆಳು ಎಕ್ಸ್‌ಟೆನ್ಷನ್ ತಂತಿ. ಜೊತೆಗೆ ನೀರು ಕಾಯಿಸುವ ಎಲಿಮೆಂಟ್ ಒಡೆದು ಸೋರಿಕೆ ಕರೆಂಟು ಮೈಗೆ ಬರುತ್ತಿರಬಹುದು. ಗ್ರೌಂಡ್ ಗಟ್ಟಿಯಿದ್ದಿದ್ದರೆ ಅದು ಅಲ್ಲಿಗೇ ಹರಿದುಹೋಗುತ್ತಿತ್ತು. ಪ್ಲಗ್ಗಿನ ಪಿನ್ನುಗಳು ಕಪ್ಪಾಗಿ ಸುಟ್ಟಿದ್ದರೆ ಉಜ್ಜಿ ಬಳಸಬೇಡಿ, ಪ್ಲಗ್ ಬದಲಿಸಿ. ಮುಂದಿನದು ಎಲೆಕ್ಟ್ರಿಷಿಯನ್ ಕೆಲಸ. ಟೆಸ್ಟರ್ ಪೆನ್ನು ಬೆಳಗಲಿಲ್ಲವೆಂದು ಧೈರ್ಯಕ್ಕೆ ಮುಟ್ಟಿ ನೋಡುವುದು ಬೇಡವೇ ಬೇಡ.

ಲಕ್ಷಣ: ಬಿಸಿನೀರು ಕಂದಾಗಿ ಬರುತ್ತದೆ, ಕೊಳೆತ ಮೊಟ್ಟೆಯ ವಾಸನೆ

ಹೀಟರ್ ಯಾವ ಬಗೆಯದು ನೋಡಿ. ಸಬರ್ಬನ್ ಕಂಪನಿಯ ಬಗೆಯಲ್ಲಿ ಪಿಂಗಾಣಿ ಲೇಪಿಸಿದ ಉಕ್ಕಿನ ಟ್ಯಾಂಕ್, ಅದನ್ನು ಕಾಯಲು ಮೆಗ್ನೀಸಿಯಂ ಆನೋಡ್ ಸಲಾಕೆ. ಟ್ಯಾಂಕಿನ ಬದಲು ತಾನು ಕರಗುವುದೇ ಅದರ ಕೆಲಸ. ವರ್ಷಕ್ಕೊಮ್ಮೆ ತೆಗೆದು ನೋಡದಿದ್ದರೆ ಸಲಾಕೆ ಮುಗಿದು ಟ್ಯಾಂಕ್ ತಿನ್ನಿಸಿಕೊಳ್ಳತೊಡಗುತ್ತದೆ.

ಗ್ಯಾಸ್, ಕರೆಂಟು ಎರಡೂ ಆರಿಸಿ ಕೆಲವು ಗಂಟೆ ತಣಿಯಲು ಬಿಡಿ. ಪಂಪು, ಹೊರಗಿನ ನೀರು ನಿಲ್ಲಿಸಿ, ಪ್ರೆಷರ್ ರಿಲೀಫ್ ವಾಲ್ವ್ ಎತ್ತಿ ಒತ್ತಡ ಬಿಡಿ. ಒತ್ತಡ ಇರುವಾಗ ಬಿಚ್ಚಿದರೆ ಸುಡುನೀರಿನ ಜೊತೆ ಸಲಾಕೆಯೂ ಎದೆಗೆ ಬರುತ್ತದೆ. 1-1/16 ಇಂಚಿನ ಸಾಕೆಟ್ಟಿನಿಂದ ಬಿಚ್ಚಿ. ಮುಕ್ಕಾಲು ಪಾಲು ಸವೆದು ಒಳಗಿನ ತಂತಿ ಕಾಣುತ್ತಿದ್ದರೆ ಹೊಸದು ಹಾಕಿ, ಟ್ಯಾಂಕಿನ ತಳದ ಬಿಳಿ ಗಸಿ ಹೋಗುವಂತೆ ತೊಳೆಯಿರಿ. ಟ್ಯಾಂಕ್ ತುಂಬುವ ಮೊದಲು ಕರೆಂಟಿನ ಸ್ವಿಚ್ ಒತ್ತಿದರೆ ಎಲಿಮೆಂಟ್ ಕ್ಷಣದಲ್ಲಿ ಸುಡುತ್ತದೆ.

ಆಟ್‌ವುಡ್ ಕಂಪನಿಯ ಬಗೆಯದು ಅಲ್ಯೂಮಿನಿಯಂ ಟ್ಯಾಂಕ್. ಅದಕ್ಕೆ ಆನೋಡ್ ಇಲ್ಲ, ನೈಲಾನ್ ಪ್ಲಗ್ ಇರುತ್ತದೆ. ಗಟ್ಟಿಯಿರಲಿ ಎಂದು ಹಿತ್ತಾಳೆ ಪ್ಲಗ್ ಹಾಕಿದರೆ ಅಲ್ಯೂಮಿನಿಯಂ ಎಳೆಗಳೇ ಹೋಗುತ್ತವೆ.

ಮೊಟ್ಟೆ ವಾಸನೆ ನಿಂತ ನೀರಿನ ಬ್ಯಾಕ್ಟೀರಿಯಾದ್ದು. ನೀರಿನ ಟ್ಯಾಂಕಿನ ಪ್ರತಿ 15 ಗ್ಯಾಲನ್ನಿಗೆ ಕಾಲು ಕಪ್ ಸಾದಾ ಬ್ಲೀಚ್ ಬೆರೆಸಿ, ಎಲ್ಲ ನಲ್ಲಿಗಳಲ್ಲಿ ಬ್ಲೀಚಿನ ವಾಸನೆ ಬರುವ ತನಕ ಹರಿಸಿ, ನಾಲ್ಕು ಗಂಟೆ ಬಿಟ್ಟು ಚೆನ್ನಾಗಿ ತೊಳೆಯಿರಿ.

ಲಕ್ಷಣ: ಫ್ರಿಜ್ ಕರೆಂಟಿನಲ್ಲಿ ನಡೆಯುತ್ತದೆ, ಗ್ಯಾಸಿನಲ್ಲಿ ಇಲ್ಲ

ಹೊರಗಿನ ಬಾಗಿಲು ತೆಗೆದು ಬರ್ನರ್ ನೋಡಿ. ಚಿಮಣಿಯ ತುಕ್ಕು ಚಕ್ಕೆಯಾಗಿ ಬರ್ನರ್ ಮೇಲೆ ಉದುರಿ ಜ್ವಾಲೆ ಹಳದಿಯಾಗುತ್ತದೆ, ಇಲ್ಲವೇ ಆರಿಹೋಗುತ್ತದೆ. ಗ್ಯಾಸ್ ಮುಚ್ಚಿ, ತಣಿದ ಮೇಲೆ ಕನ್ನಡಕ ಹಾಕಿಕೊಂಡು ಊದುಗಾಳಿಯಿಂದ ಚಕ್ಕೆ ತೆಗೆಯಿರಿ. ಮತ್ತೆ ಹೊತ್ತಿಸಿದಾಗ ಜ್ವಾಲೆ ನೀಲಿಯಾಗಿ ನೇರ ನಿಲ್ಲಬೇಕು.

ಅಲ್ಲೇ ಕೊಳವೆಗಳ ಮೇಲೆ ಹಳದಿ ಪುಡಿ ಕಂಡರೆ, ಅಮೋನಿಯಾ ಘಾಟು ಬಂದರೆ ಬೇರೆಯೇ ಕಥೆ. ಅಮೋನಿಯಾ ದ್ರಾವಣಕ್ಕೆ ಸವಕಳಿ ತಡೆಯಲು ಬೆರೆಸಿದ ಸೋಡಿಯಂ ಕ್ರೋಮೇಟ್ ಅದು, ವಿಷ. ಕೊಳವೆ ತೂತಾಗಿದೆ. ಪುಡಿ ಮುಟ್ಟದೆ ಫ್ರಿಜ್ಜನ್ನು ಗ್ಯಾಸು, ಕರೆಂಟು ಎರಡರಲ್ಲೂ ಆರಿಸಿ, ಕಿಟಕಿ ತೆರೆದು ಹೊರಬನ್ನಿ. ಇದು ಮನೆಯಲ್ಲಿ ರಿಪೇರಿ ಆಗುವಂಥದ್ದಲ್ಲ.

ಫರ್ನೆಸ್ಸಿನ ಹೊರಗಂಡಿಯ ಸುತ್ತ ಮಸಿ, ತುಕ್ಕು ಇದ್ದರೆ ಒಳಗಿನ ಹೀಟ್ ಎಕ್ಸ್‌ಚೇಂಜರ್ ಬಿರಿದಿರಬಹುದು. ಅಲ್ಲಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಆರ್‌ವಿ (ಗಾಲಿಮನೆ) ಟೆಕ್ನಿಷಿಯನ್ ನೋಡುವ ತನಕ ಹಚ್ಚಬೇಡಿ, ಆ ಅನಿಲ ಪತ್ತೆಹಚ್ಚುವ ಅಲಾರಂ ಹಿಂಬದಿಯಲ್ಲಿ ಅಚ್ಚಾದ ತಾರೀಖು ಮೀರಿದ್ದರೆ ಹೊಸದು ತನ್ನಿ. ಪ್ರೊಪೇನ್ ಸಿಲಿಂಡರಿನ ತಳದ ಉಂಗುರದ ಬಳಿ ಗುಣಿಬಿದ್ದ ತುಕ್ಕಿದ್ದರೆ ಬಣ್ಣ ಬಳಿದು ತುಂಬಿಸಲು ಹೋಗಬೇಡಿ, ಬದಲಾಯಿಸಿ.

ನಿಲ್ಲಿಸಿಡುವಾಗ

ಉಪ್ಪುರಸ್ತೆ ಅಥವಾ ಕಡಲತೀರದಿಂದ ಬಂದ ದಿನವೇ ಹುಲ್ಲಿಗೆ ನೀರು ಚಿಮುಕಿಸುವ ಸ್ಪ್ರಿಂಕ್ಲರನ್ನು ಟ್ರೇಲರ್ ಅಡಿಗೆ ಸರಿಸಿ, ಒಂದೊಂದು ಜಾಗದಲ್ಲಿ ಹದಿನೈದು ನಿಮಿಷ ಬಿಡಿ. ಒತ್ತಡದ ವಾಷರ್ ಹಬ್‌ಗಳಿಗೂ ಗೋಡೆಯ ಜೋಡಣೆಗಳಿಗೂ ಬೇಡ, ಸೀಲ್ ದಾಟಿ ನೀರು ಒಳನುಗ್ಗುತ್ತದೆ. ಬೇರಿಂಗಿನ ಗ್ರೀಸ್ 12 ತಿಂಗಳಿಗೋ 10,000 ಮೈಲಿಗೋ, ಯಾವುದು ಮೊದಲೋ ಆಗ ಬದಲಿಸಿ. ಹಾಲುಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ.

ಹುಲ್ಲಿನ ಮೇಲಲ್ಲ, ಜಲ್ಲಿ ಅಥವಾ ಕಾಂಕ್ರೀಟ್ ಮೇಲೆ ನಿಲ್ಲಿಸಿ, ಚಾವಣಿಯ ನೀರು ಹರಿಯುವಷ್ಟು ಓರೆ ಇರಲಿ. ನೀಲಿ ಟಾರ್ಪಾಲಿನ್ ತೇವವನ್ನು ಹಿಡಿದಿಡುತ್ತದೆ, ಗಾಳಿಯಾಡುವ ಹೊದಿಕೆಯೇ ಬೇಕು. ಒಳಗೆ ತೇವ ಹೀರಲು ಇಡುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಯಲ್ಲಿ ಕೂಡುವುದು ರಸ್ತೆಗೆ ಸುರಿಯುವ ಅದೇ ಉಪ್ಪುನೀರು. ವಸಂತದಲ್ಲಿ ಟ್ರೇಲರ್ ಕದಲಿಸುವ ಮೊದಲು ಅದನ್ನು ಸಿಂಕಿನೊಳಗಿನಿಂದ ಎತ್ತಿ ಹೊರಗೆ ಚೆಲ್ಲಿ, ಮರೆತು ಹೊರಟರೆ ಮೊದಲ ತಿರುವಿನಲ್ಲೇ ಮಗುಚಿ ನೆಲದ ಸಂದಿಯಿಂದ ಚಾಸಿಗೆ ಇಳಿಯುತ್ತದೆ.